ಇಂಗ್ಲಿಷ್ ಮೇಷ್ಟರ ಕನ್ನಡ: ಬಿ.ಎಂ.ಶ್ರೀ ಮತ್ತು ಒಂದು ಪ್ರಾರ್ಥನೆ

ರಾಜರಾಜೇಶ್ವರಿನಗರದಲ್ಲಿ ನವೆಂಬರ್ ತಿಂಗಳೆಂದರೆ ಒಂದಲ್ಲ ಒಂದು ಬೀದಿಯಲ್ಲಿ ಪೆಂಡಾಲು ಇದ್ದೇ ಇರುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ರಾಜ್ಯೋತ್ಸವದ ಸಂಜೆ ಗಾಯಕಿಯೊಬ್ಬರು ‘ಕರುಣಾಳು ಬಾ ಬೆಳಕೆ’ ಹಾಡಿದರು. ನಿರೂಪಕರು ಅದನ್ನು ‘ಕನ್ನಡದ ಕಣ್ವ ಬಿ.ಎಂ.ಶ್ರೀಕಂಠಯ್ಯನವರ ಭಾವಗೀತೆ’ ಎಂದು ಪರಿಚಯಿಸಿದರು. ಮಾತು ಅಲ್ಲಿಗೇ ನಿಂತಿತು. ಕೆಲವು ವಾರಗಳ ನಂತರ, ಒಂದು ಭಾನುವಾರ ಬಲಿಪೂಜೆಯ ಕೊನೆಯಲ್ಲಿ ಗಾನವೃಂದದ ಯುವಕರು ಅದೇ ಗೀತೆಯನ್ನು ಹಾಡಿದರು. ಅಲ್ಲಿ ಅದು ‘ಸಂತ ನ್ಯೂಮನ್ನರ ಗೀತೆ’ ಎಂದಾಯಿತು. ಅಲ್ಲಿಯೂ ಮಾತು ಅಷ್ಟಕ್ಕೇ ನಿಂತಿತು. ಪೆಂಡಾಲಿನಲ್ಲಿ ನ್ಯೂಮನ್ ಇರಲಿಲ್ಲ, ದೇವಾಲಯದಲ್ಲಿ ಶ್ರೀಕಂಠಯ್ಯನವರು ಇರಲಿಲ್ಲ. ಹೊರಗೆ ಬರುವಾಗ ಹಿರಿಯರೊಬ್ಬರು, ‘ಹಾಡು ಚೆನ್ನಾಗಿದೆ, ಆದರೆ ಕನ್ನಡಕ್ಕೆ ತರುವಾಗ ಅವರು ಕ್ರಿಸ್ತನ ಹೆಸರನ್ನೇ ತೆಗೆದುಬಿಟ್ಟಿದ್ದಾರಲ್ಲ’ ಎಂದು ನೊಂದುಕೊಂಡರು.

ಆ ಮಾತಿಗೆ ಅಂದು ಉತ್ತರ ಕೊಡಲಾಗಲಿಲ್ಲ. ಜೀವನವಿಡೀ ಇಂಗ್ಲಿಷ್ ಪಾಠ ಹೇಳಿ ಅನ್ನ ತಿಂದವನು ನಾನು. ಮನೆಗೆ ಬಂದು ಮೂಲವನ್ನೂ ಕನ್ನಡವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿದಾಗ, ಆ ಹಿರಿಯರ ದೂರಿಗಿಂತ ದೊಡ್ಡ ಪ್ರಶ್ನೆಯೊಂದು ಎದುರಾಯಿತು. ಹಗಲೆಲ್ಲ ಇನ್ನೊಂದು ನುಡಿಯ ಕಾವ್ಯವನ್ನು ಬೋಧಿಸುವವನು ತನ್ನ ನುಡಿಗೆ ಏನನ್ನು ಕೊಡಬಲ್ಲ? ಕೊಟ್ಟದ್ದರಲ್ಲಿ ಅವನದು ಎಷ್ಟು, ಆ ಇನ್ನೊಬ್ಬರದು ಎಷ್ಟು? ಕನ್ನಡದಲ್ಲಿ ಈ ಪ್ರಶ್ನೆಯನ್ನು ಬಿ.ಎಂ.ಶ್ರೀ ಅವರನ್ನು ಬಿಟ್ಟು ಕೇಳಲು ಬರುವುದಿಲ್ಲ.

ನಮ್ಮ ಬಡಾವಣೆಗೂ ಅವರಿಗೂ ನೇರವಾದ ನಂಟೇನೂ ಇಲ್ಲ. ಆದರೆ ಹಿಂದೆಯೇ ಇರುವ ಜ್ಞಾನಭಾರತಿಯ ಆವರಣದ ಮೂಲಕ ಒಂದು ಎಳೆ ಸಿಗುತ್ತದೆ. ಬಿ.ಎಂ.ಶ್ರೀ ಅವರು ಓದಿದ್ದೂ, ವೃತ್ತಿಜೀವನದ ಕೊನೆಯ ಭಾಗದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುದೂ ನಗರದ ಸೆಂಟ್ರಲ್ ಕಾಲೇಜಿನಲ್ಲಿ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು ಆ ಕಾಲೇಜಿನ ಕಟ್ಟಡಗಳಲ್ಲಿ. ಮುಂದೆ ಅದು ಜ್ಞಾನಭಾರತಿಗೆ ಹರಡಿತು. ಆ ವಿಶ್ವವಿದ್ಯಾನಿಲಯದ ಆರಂಭದ ಕುಲಪತಿಗಳಲ್ಲೊಬ್ಬರಾದ ವಿ.ಕೃ.ಗೋಕಾಕರೂ ಇಂಗ್ಲಿಷ್ ಪ್ರಾಧ್ಯಾಪಕರೇ, ಕನ್ನಡದ ಕವಿಯೇ. ಗೋಪಾಲಕೃಷ್ಣ ಅಡಿಗ, ಯು.ಆರ್.ಅನಂತಮೂರ್ತಿ, ಶಾಂತಿನಾಥ ದೇಸಾಯಿ, ಪಿ.ಲಂಕೇಶ್, ಕಾಸರಗೋಡಿನ ಕಡೆಯ ಕೆ.ವಿ.ತಿರುಮಲೇಶ್, ಹೀಗೆ ಹೆಸರುಗಳನ್ನು ಎಣಿಸುತ್ತ ಹೋದರೆ ಇಪ್ಪತ್ತನೆಯ ಶತಮಾನದ ಕನ್ನಡ ಸಾಹಿತ್ಯವನ್ನು ಇಂಗ್ಲಿಷ್ ಮೇಷ್ಟರುಗಳೇ ಬರೆದರೇನೋ ಎನ್ನಿಸುತ್ತದೆ. ಇದು ಉತ್ಪ್ರೇಕ್ಷೆ, ಬೇಂದ್ರೆಯವರನ್ನೂ ಪು.ತಿ.ನ. ಅವರನ್ನೂ ಮರೆತರೆ ಮಾತ್ರ ಹಾಗೆನ್ನಬಹುದು. ಆದರೂ ಆ ಸಾಲಿನ ತುದಿಯಲ್ಲಿ ನಿಂತವರು ಶ್ರೀಕಂಠಯ್ಯನವರು.

ಅವರು ಹುಟ್ಟಿದ್ದು 1884ರ ಜನವರಿ 3ರಂದು. ಮನೆತನ ನಾಗಮಂಗಲ ಸೀಮೆಯ ಬೆಳ್ಳೂರಿನದು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಮದ್ರಾಸಿನಲ್ಲಿ ಕಾನೂನನ್ನೂ ಎಂ.ಎ. ಪದವಿಯನ್ನೂ ಪಡೆದು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಎರಡು ದಶಕಗಳಷ್ಟು ಕಾಲ ಮೈಸೂರು ಅವರ ಕರ್ಮಭೂಮಿ. ನಡುವೆ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಹುದ್ದೆಯೂ ಬಂತು. ಬೆಂಗಳೂರಿನಲ್ಲಿ ನಿವೃತ್ತರಾದ ಮೇಲೆ ಧಾರವಾಡಕ್ಕೆ ಹೋಗಿ ಕೆ.ಇ.ಬೋರ್ಡಿನ ಕಾಲೇಜಿನ ಪ್ರಿನ್ಸಿಪಾಲರಾದರು. 1946ರ ಜನವರಿ 5ರಂದು ಅಲ್ಲಿಯೇ ತೀರಿಕೊಂಡರು. ಅರವತ್ತೆರಡು ತುಂಬಿ ಎರಡು ದಿನವಾಗಿತ್ತು.

ಧಾರವಾಡ ಅವರ ಬಾಳಿನಲ್ಲಿ ಇನ್ನೊಂದು ಕಾರಣಕ್ಕಾಗಿಯೂ ಮುಖ್ಯವಾದ ಊರು. 1911ರಲ್ಲಿ, ಇನ್ನೂ ಇಪ್ಪತ್ತೇಳರ ಹರೆಯದ ಈ ಮೈಸೂರಿನ ಇಂಗ್ಲಿಷ್ ಅಧ್ಯಾಪಕರು ಅಲ್ಲಿನ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದರು. ಅಂದಿನ ಸ್ಥಿತಿಯನ್ನು ನೆನೆದರೆ ಆ ಶೀರ್ಷಿಕೆಯ ಧೈರ್ಯ ತಿಳಿಯುತ್ತದೆ. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಓದಿದವರು ಪತ್ರ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ, ಕವಿತೆ ಬರೆಯಹೊರಟರೆ ಅದೂ ಇಂಗ್ಲಿಷಿನಲ್ಲಿ. ಕುವೆಂಪು ಅವರಂಥವರೇ ಮೊದಲು ಇಂಗ್ಲಿಷಿನಲ್ಲಿ ಕವಿತೆ ಕಟ್ಟಿ, ಐರಿಷ್ ಕವಿ ಜೇಮ್ಸ್ ಕಸಿನ್ಸರ ಮಾತು ಕೇಳಿದ ಮೇಲೆ ಕನ್ನಡದ ಕಡೆಗೆ ತಿರುಗಿದರು. ಪಂಡಿತರ ಕಡೆ ನೋಡಿದರೆ ಹಳಗನ್ನಡದ ಬಿಗಿಯನ್ನು ಸಡಿಲಿಸಲು ಮನಸ್ಸಿರಲಿಲ್ಲ. ಜನರು ಆಡುವ ಕನ್ನಡದಲ್ಲಿ ಗಂಭೀರವಾದ ಕಾವ್ಯ ಸಾಧ್ಯವೆಂದು ಇವರಿಬ್ಬರೂ ನಂಬಿರಲಿಲ್ಲ. ಶ್ರೀಕಂಠಯ್ಯನವರು ಆ ಎರಡೂ ಗುಂಪುಗಳೊಡನೆ ವಾದಕ್ಕೆ ನಿಲ್ಲಬಹುದಾಗಿತ್ತು. ಸ್ವಲ್ಪ ನಿಂತರು ಕೂಡ. ಆದರೆ ಅವರ ನಿಜವಾದ ಉತ್ತರ ಬಂದದ್ದು ತರಗತಿಯಲ್ಲಿ ಪಾಠ ಹೇಳುತ್ತಿದ್ದ ಕವಿತೆಗಳನ್ನೇ ಕನ್ನಡದಲ್ಲಿ ಹಾಡಿಸಿ ತೋರಿಸುವುದರ ಮೂಲಕ. ಬಿಡಿಬಿಡಿಯಾಗಿ ಮೊದಲು ಹೊರಬಂದ ಆ ಗೀತೆಗಳು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಪುಸ್ತಕದಲ್ಲಿ ಕೂಡಿಕೊಂಡವು. ಸುಮಾರು ಅರವತ್ತು ಕವಿತೆಗಳ ಸಣ್ಣ ಪುಸ್ತಕ.

ಆ ಪುಸ್ತಕವನ್ನು ‘ನವೋದಯದ ಬಾಗಿಲು’ ಎಂದು ಹೊಗಳುವುದು ರೂಢಿ. ಹೊಗಳಿಕೆ ಸರಿಯಾದದ್ದೇ, ಆದರೆ ಅದು ಎರಡು ಸಂಗತಿಗಳನ್ನು ಮುಚ್ಚುತ್ತದೆ.

ಮೊದಲನೆಯದು, ಅವರಿಗೆ ಮುಂಚೆಯೇ ಈ ದಾರಿಯಲ್ಲಿ ನಡೆದವರಿದ್ದರು. ಮಂಜೇಶ್ವರದ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆದು ಗದ್ದಲ ಎಬ್ಬಿಸಿದ್ದರು. ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’ 1919ರಲ್ಲಿಯೇ ಬಂದಿತ್ತು. ಅದಕ್ಕೂ ಅರ್ಧ ಶತಮಾನಕ್ಕಿಂತ ಹಿಂದೆ, ಬಾಸೆಲ್ ಮಿಷನ್ನಿನವರು ಯೂರೋಪಿನ ಕೀರ್ತನೆಗಳನ್ನು ಕನ್ನಡಕ್ಕೆ ತಂದು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ನಮ್ಮ ಓದುಗರು ಈ ಕೊನೆಯ ಸಂಗತಿಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಹೆಮ್ಮೆಯ ಜೊತೆಗೆ ಸ್ವಲ್ಪ ವಿಮರ್ಶೆಯೂ ಇರಲಿ. ಆ ಕೀರ್ತನೆಗಳಲ್ಲಿ ಹೆಚ್ಚಿನವು ಯೂರೋಪಿನ ರಾಗವನ್ನು ಮೊದಲು ಹಿಡಿದುಕೊಂಡು ಅದರೊಳಗೆ ಕನ್ನಡದ ಪದಗಳನ್ನು ತುಂಬಿದಂಥವು. ಹ್ರಸ್ವ ಇರಬೇಕಾದಲ್ಲಿ ದೀರ್ಘ ಎಳೆಯಬೇಕಾಗುತ್ತದೆ, ಪದದ ನಡುವೆ ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ಇಂದಿಗೂ ನಮ್ಮ ಪ್ರಾರ್ಥನಾಗೀತೆಗಳಲ್ಲಿ ಕೆಲವನ್ನು ಹಾಡುವಾಗ ನಾಲಿಗೆ ತೊಡರುವುದಕ್ಕೆ ಇದೇ ಕಾರಣ. ಕಿಟ್ಟೆಲ್ಲರಿಗೆ ಈ ಕಷ್ಟ ತಿಳಿದಿತ್ತು. ಆದ್ದರಿಂದಲೇ 1862ರ ‘ಕಥಾಮಾಲೆ’ಯಲ್ಲಿ ಅವರು ಯೇಸುವಿನ ಚರಿತ್ರೆಯನ್ನು ಕನ್ನಡದ ದೇಸೀ ಛಂದಸ್ಸಿನಲ್ಲಿಯೇ ಹೇಳಲು ಯತ್ನಿಸಿದರು, ಮುಂದೆ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಕಿಟ್ಟೆಲ್ಲರ ಈ ಅರಿವಿಗೂ ಶ್ರೀಕಂಠಯ್ಯನವರ ಅರಿವಿಗೂ ಹತ್ತಿರದ ಹೋಲಿಕೆಯಿದೆ: ಹೊರಗಿನಿಂದ ಬರುವ ಭಾವ ಒಳಗಿನ ಲಯದಲ್ಲಿ ಬರಬೇಕು. ವ್ಯತ್ಯಾಸವೆಂದರೆ ಒಬ್ಬರಿಗೆ ಆ ಲಯ ಕಲಿತದ್ದು, ಇನ್ನೊಬ್ಬರಿಗೆ ತೊಟ್ಟಿಲಿನಿಂದ ಕೇಳಿದ್ದು.

ಎರಡನೆಯದು, ಆ ಪುಸ್ತಕದ ರುಚಿ ಮೇಷ್ಟರ ರುಚಿ. ಪಾಲ್‌ಗ್ರೇವ್ 1861ರಲ್ಲಿ ಹೊರತಂದ ಪ್ರಸಿದ್ಧ ಸಂಕಲನ ಅಂದಿನ ಭಾರತದ ಕಾಲೇಜುಗಳನ್ನೆಲ್ಲ ಆಳುತ್ತಿತ್ತು. ವರ್ಡ್ಸ್‌ವರ್ತ್, ಷೆಲ್ಲಿ, ಬರ್ನ್ಸ್, ಕ್ಯಾಂಬೆಲ್ ಅದರ ದೊರೆಗಳು. ಅದರ ಮೊದಲ ಮುದ್ರಣದಲ್ಲಿ ಜಾನ್ ಡನ್ ಇಲ್ಲ, ಬ್ಲೇಕ್ ಇಲ್ಲ. ಹೀಗಾಗಿ ನವೋದಯದ ಕನ್ನಡ ಕಾವ್ಯಕ್ಕೆ ಇಂಗ್ಲಿಷ್ ಕಾವ್ಯವೆಂದರೆ ಬಹುಕಾಲ ಕೋಮಲವಾದ ದುಃಖ, ನಿಸರ್ಗ, ಪ್ರೇಮ, ದೇಶಾಭಿಮಾನ ಇಷ್ಟೇ ಆಯಿತು. ಬುದ್ಧಿಯೂ ಭಕ್ತಿಯೂ ಒಂದನ್ನೊಂದು ಹಿಡಿದು ಜಗ್ಗುವ ಇಂಗ್ಲಿಷ್ ಧಾರ್ಮಿಕ ಕಾವ್ಯ ಕನ್ನಡಿಗರ ಕಿವಿಗೆ ತಡವಾಗಿ ತಲುಪಿತು. ಈ ಕೊರತೆಯನ್ನು ಒಪ್ಪಿಕೊಂಡೇ ಅವರನ್ನು ಗೌರವಿಸಬೇಕು.

ಆದರೆ ಆ ಮಿತಿಯೊಳಗೆ ಅವರು ಮಾಡಿದ ಕೆಲಸ ಬೆರಗು ಹುಟ್ಟಿಸುತ್ತದೆ. ಸ್ಕಾಟ್ಲೆಂಡಿನ ಸರೋವರದಲ್ಲಿ ಮುಳುಗಿಹೋದ ಲಾರ್ಡ್ ಅಲಿನ್‌ನ ಮಗಳು ಅವರ ಕೈಯಲ್ಲಿ ‘ಕಾರಿಹೆಗ್ಗಡೆಯ ಮಗಳು’ ಆದಳು. ಸರೋವರ ನಮ್ಮ ಪಡುವಣ ಕಡಲಾಯಿತು, ದೋಣಿ ನಡೆಸುವವನು ಅಂಬಿಗನಾದ. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದ ನಮಗಾರಿಗೂ ಅದು ಹೊರಗಿನಿಂದ ಬಂದ ಕಥೆಯೆಂದು ಅನ್ನಿಸಿರಲಿಲ್ಲ. ಥಾಮಸ್ ಹುಡ್ ಎಂಬ ಕವಿ ಲಂಡನ್ನಿನ ಸೇತುವೆಯಿಂದ ಹೊಳೆಗೆ ಹಾರಿ ಸತ್ತ ಬಡ ಹೆಣ್ಣೊಬ್ಬಳ ಮೇಲೆ ಬರೆದ ಕವಿತೆ ‘ದುಃಖಸೇತು’ ಆಗಿ ಬಂತು. ‘ಕೆಟ್ಟವಳು’ ಎಂದು ಊರು ದೂರವಿಟ್ಟ ಹೆಣ್ಣಿನ ಶವವನ್ನು ತೀರ್ಪು ಕೊಡದೆ ಎತ್ತಿಕೊಳ್ಳುವ ಆ ದನಿ ಅಂದಿನ ಕನ್ನಡ ಕಾವ್ಯಕ್ಕೆ ಹೊಸದಾಗಿತ್ತು. ಶುಭಸಂದೇಶವನ್ನು ಓದುವವರಿಗೆ ಆ ದನಿ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಇನ್ನು ಆ ಪ್ರಾರ್ಥನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಜಾನ್ ಹೆನ್ರಿ ನ್ಯೂಮನ್ನರೂ ವಿಶ್ವವಿದ್ಯಾನಿಲಯದ ಮನುಷ್ಯ. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನ ಫೆಲೋ. ವಿಶ್ವವಿದ್ಯಾನಿಲಯವೆಂದರೆ ಏನು ಎಂಬುದರ ಮೇಲೆ ಅವರು ಡಬ್ಲಿನ್ನಿನಲ್ಲಿ ಮಾಡಿದ ಉಪನ್ಯಾಸಗಳು ಇಂದಿಗೂ ಜೀವಂತ. ಎರಡು ಕಾದಂಬರಿಗಳನ್ನೂ ಬರೆದರು. 1833ರಲ್ಲಿ ಅವರು ಇನ್ನೂ ಆಂಗ್ಲಿಕನ್ ಗುರು, ವಯಸ್ಸು ಮೂವತ್ತೆರಡು. ಸಿಸಿಲಿ ದ್ವೀಪದಲ್ಲಿ ಒಬ್ಬರೇ ತಿರುಗಾಡುವಾಗ ಜ್ವರ ಹಿಡಿದು ಸಾವಿನ ಅಂಚಿಗೆ ಹೋಗಿ ಬಂದರು. ಊರಿಗೆ ಹೊರಡಲು ಪಲೆರ್ಮೊ ಬಂದರಿನಲ್ಲಿ ವಾರಗಟ್ಟಲೆ ಕಾದು, ಕಡೆಗೆ ಕಿತ್ತಳೆಹಣ್ಣು ಸಾಗಿಸುವ ಹಡಗೊಂದನ್ನು ಹತ್ತಿದರು. ಸಾರ್ಡೀನಿಯಾ, ಕಾರ್ಸಿಕಾ ದ್ವೀಪಗಳ ನಡುವಿನ ಜಲಸಂಧಿಯಲ್ಲಿ ಗಾಳಿ ನಿಂತು ಹಡಗು ಅಲುಗಾಡದೆ ಉಳಿಯಿತು. ಜೂನ್ 16ರಂದು ಅಲ್ಲಿಯೇ ಈ ಕವಿತೆ ಹುಟ್ಟಿತು. ಅವರು ಇಟ್ಟ ಹೆಸರು ‘ಮೇಘಸ್ತಂಭ’ ಎಂಬ ಅರ್ಥದ್ದು. ಇಸ್ರಯೇಲರ ಮುಂದೆ ಹಗಲು ಮೇಘವಾಗಿ, ಇರುಳು ಬೆಂಕಿಯಾಗಿ ನಡೆದ ವಿಮೋಚನಕಾಂಡದ ಕಂಬ. ಹನ್ನೆರಡು ವರ್ಷಗಳ ನಂತರ, 1845ರಲ್ಲಿ, ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. 1879ರಲ್ಲಿ ಕಾರ್ಡಿನಲ್ ಆದರು. 2019ರ ಅಕ್ಟೋಬರ್ 13ರಂದು ಸಂತ ಪದವಿ, 2025ರ ನವೆಂಬರ್ 1ರಂದು ಧರ್ಮಸಭೆಯ ಆಚಾರ್ಯರ ಸಾಲಿನಲ್ಲಿ ಸ್ಥಾನ. ಶ್ರೀಕಂಠಯ್ಯನವರ ಮುಂದೆ ಇದ್ದುದು ಸಂತನಲ್ಲ, ಒಬ್ಬ ಕವಿ.

ಈಗ ಆ ಹಿರಿಯರ ದೂರಿಗೆ ಉತ್ತರ. ಕನ್ನಡದಲ್ಲಿ ಕ್ರಿಸ್ತನ ಹೆಸರಿಲ್ಲ, ನಿಜ. ಇಂಗ್ಲಿಷಿನಲ್ಲಿಯೂ ಇಲ್ಲ! ನ್ಯೂಮನ್ನರು ಕ್ರಿಸ್ತನನ್ನಾಗಲಿ ದೇವರನ್ನಾಗಲಿ ಹೆಸರಿಸಿಲ್ಲ. ಅವರು ಕರೆದದ್ದು ಬೆಳಕನ್ನು ಮಾತ್ರ. ಹಾಗೆ ಹೆಸರಿಸದೆ ಉಳಿದುದರಿಂದಲೇ ಗಾಂಧೀಜಿಯವರ ಪ್ರಾರ್ಥನಾಸಭೆಗಳಲ್ಲಿ ಅದಕ್ಕೆ ಎಡೆ ಸಿಕ್ಕಿತು, ಗುಜರಾತಿಯಲ್ಲಿ ನರಸಿಂಹರಾವ್ ದಿವೇಟಿಯಾ ಅವರ ಅನುವಾದ ಮನೆಮಾತಾಯಿತು. ಆದ್ದರಿಂದ ಕನ್ನಡದ ಕವಿ ತೆಗೆದುಹಾಕಿದ್ದು ಏನೂ ಇಲ್ಲ. ಆದರೆ ಸೇರಿಸಿದ್ದಿದೆ. ನನಗೆ ಆಸಕ್ತಿ ಇರುವುದು ಅಲ್ಲಿ.

ನ್ಯೂಮನ್ನರು ಬೆಳಕಿಗೆ ‘ನನ್ನನ್ನು ಮುನ್ನಡೆಸು’ ಎಂದಷ್ಟೇ ಹೇಳುತ್ತಾರೆ. ಕೈಯ ಮಾತು ಇಲ್ಲ. ವಿಮೋಚನಕಾಂಡದ ಕಂಬ ಮುಂದೆ ನಡೆಯುತ್ತದೆ, ಜನ ಹಿಂದೆ ನಡೆಯುತ್ತಾರೆ. ನಡುವೆ ಒಂದು ಅಂತರವಿದೆ, ಭಯಭಕ್ತಿಯ ಅಂತರ. ಕನ್ನಡದಲ್ಲಿ ಆ ಅಂತರ ಹೋಗಿ, ಬೆಳಕು ಹತ್ತಿರ ಬಂದು ಕೈಹಿಡಿಯಬೇಕಾಗುತ್ತದೆ. ಒಮ್ಮೆ ಅಲ್ಲ, ಪಲ್ಲವಿಯಂತೆ ಮತ್ತೆ ಮತ್ತೆ. ತರ್ಕಕ್ಕೆ ಇದು ಒಪ್ಪುವುದಿಲ್ಲ: ಬೆಳಕಿಗೆ ಕೈ ಎಲ್ಲಿಯದು? ಆದರೆ ಮೊದಲ ಪದದಲ್ಲಿಯೇ ಕವಿ ದಾರಿ ಮಾಡಿಕೊಂಡಿದ್ದಾರೆ. ಇಂಗ್ಲಿಷಿನ ವಿಶೇಷಣ ಬೆಳಕಿನ ಗುಣವನ್ನು ಹೇಳುತ್ತದೆ. ‘ಕರುಣಾಳು’ ಎಂಬುದು ಕನ್ನಡದಲ್ಲಿ ವ್ಯಕ್ತಿಗೆ ಸಲ್ಲುವ ಮಾತು. ಹಾಗೆ ಕರೆದ ಕ್ಷಣ ಬೆಳಕು ಒಬ್ಬ ವ್ಯಕ್ತಿಯಾಯಿತು, ಅದಕ್ಕೆ ಕೈಯೂ ಬಂತು. ಕೈಹಿಡಿಯುವುದು ಎಂಬ ಮಾತಿಗೆ ನಮ್ಮಲ್ಲಿ ಎಷ್ಟು ಅರ್ಥಗಳಿವೆ! ಮದುವೆಯಲ್ಲಿ ಹಿಡಿಯುವುದು, ಕಷ್ಟದಲ್ಲಿ ಹಿಡಿಯುವುದು, ಜಾತ್ರೆಯಲ್ಲಿ ಮಗುವನ್ನು ಹಿಡಿಯುವುದು. ದಾಸರ ಪದಗಳನ್ನು ಕೇಳಿ ಬೆಳೆದ ಕಿವಿಗೆ ಇದು ತಟ್ಟನೆ ಮುಟ್ಟುತ್ತದೆ. ವಿಮೋಚನಕಾಂಡದ ನೆನಪು ಕಳೆದುಹೋಯಿತು ಎಂಬುದು ನಿಜವಾದ ನಷ್ಟ. ಅದನ್ನು ನಾನು ಮುಚ್ಚಿಡುವುದಿಲ್ಲ. ಮೋಶೆಯ ಜನರ ಜೊತೆ ನಡೆಯುತ್ತಿದ್ದವನು ಕನ್ನಡದಲ್ಲಿ ಒಂಟಿಯಾಗಿ, ಮಗುವಾಗಿ ನಿಂತಿದ್ದಾನೆ.

ಎರಡನೆಯ ಮಾರ್ಪಾಡು ನೆಲದ್ದು. ಮೂಲದಲ್ಲಿ ಇಂಗ್ಲೆಂಡಿನ ಬೀಳುನೆಲ, ಜೌಗು, ಕಡಿಬಂಡೆ, ಭೋರ್ಗರೆವ ತೊರೆ. ಕನ್ನಡದಲ್ಲಿ ಅಡವಿ, ಬೆಟ್ಟ, ಹೊಳೆ. ಇರುಳು ಗವಿಯಾಗುತ್ತದೆ, ಗವಿ ಮೂಲದಲ್ಲಿಲ್ಲ. ಇಂಥ ಬದಲಾವಣೆಗಳನ್ನು ಯಾವ ಒಳ್ಳೆಯ ಅನುವಾದಕನೂ ಮಾಡುತ್ತಾನೆ, ಮುಂದೆ ಹೋಗೋಣ.

ಮೂರನೆಯದು ಸೂಕ್ಷ್ಮವಾದದ್ದು. ಕೊನೆಯ ಚರಣದಲ್ಲಿ ನ್ಯೂಮನ್ನರು ಖಚಿತವಾಗಿ ಹೇಳುತ್ತಾರೆ: ಇಷ್ಟು ಕಾಲ ಕಾಪಾಡಿದ ಶಕ್ತಿ ಇರುಳು ಕಳೆಯುವತನಕ ಕಾಪಾಡಿಯೇ ಕಾಪಾಡುತ್ತದೆ. ಅದು ವಿಶ್ವಾಸದ ಪ್ರಕಟಣೆ. ಶ್ರೀಕಂಠಯ್ಯನವರು ಅದನ್ನು ಪ್ರಶ್ನೆಯಾಗಿ ತಿರುಗಿಸಿದ್ದಾರೆ: ಮುಂದೆಯೂ ನಡೆಸದೆ ಇರುವೆಯಾ? ಇಂಗ್ಲಿಷ್ ಕಣ್ಣಿಗೆ ಇದು ವಿಶ್ವಾಸದ ಇಳಿಮುಖದಂತೆ ಕಾಣಬಹುದು. ನನಗೂ ಬಹಳ ವರ್ಷ ಹಾಗೆಯೇ ಕಂಡಿತ್ತು. ತರಗತಿಯಲ್ಲಿ ಹಾಗೆಂದು ಹೇಳಿಯೂ ಇದ್ದೆ. ಈಗ ಆ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ಕನ್ನಡದಲ್ಲಿ ‘ಕೊಡುವುದಿಲ್ಲವೇ’ ಎಂದು ಕೇಳುವವನಿಗೆ ಕೊಡುತ್ತಾನೆಂಬ ಅನುಮಾನ ಇರುವುದಿಲ್ಲ; ಕೊಡಲೇಬೇಕೆಂಬ ಹಕ್ಕು ಇರುತ್ತದೆ. ಮಗ ಅಪ್ಪನನ್ನು, ಭಕ್ತ ದೇವರನ್ನು ಹೀಗೆ ಕೇಳುತ್ತಾರೆ. ‘ಮಗ ರೊಟ್ಟಿ ಕೇಳಿದರೆ ಕಲ್ಲು ಕೊಡುವವರುಂಟೆ’ ಎಂಬ ಯೇಸುಸ್ವಾಮಿಯ ಮಾತು ಕೂಡ ಪ್ರಶ್ನೆಯ ರೂಪದ್ದೇ ಅಲ್ಲವೇ? ಮೂಲದ ಖಚಿತತೆ ಇಲ್ಲಿ ಸಲಿಗೆಯಾಗಿ ಬಂದಿದೆ. ತನ್ನನ್ನು ಮೂರ್ಖನೆಂದು ಕರೆದುಕೊಳ್ಳುವುದೂ ಕನ್ನಡದ ಭಕ್ತಿಪರಂಪರೆಯ ರೀತಿಯೇ. ಮೂಲದಲ್ಲಿ ಅಹಂಕಾರದ ಒಪ್ಪಿಗೆ ಉಂಟು, ಈ ಪದ ಇಲ್ಲ.

ಕೊನೆಯಲ್ಲಿ ಬರುವ ದೇವದೂತರ ಮುಖಗಳನ್ನು ಕನ್ನಡ ಬರಿಯ ದಿವ್ಯತೆಯ ಮಾತಾಗಿ ಮಾಡಿ ಬಿಟ್ಟಿದೆ. ಇಲ್ಲಿ ಯಾರಾದರೂ ತಪ್ಪು ಹುಡುಕಿದರೆ ಮೂಲಕವಿಯೇ ಅನುವಾದಕನ ಪರ ನಿಲ್ಲುತ್ತಾರೆ. ಆ ಮುಖಗಳು ಯಾರವು, ತೀರಿಹೋದ ಬಂಧುಗಳದೋ ಬಾಲ್ಯದಲ್ಲಿ ಕಂಡ ದೂತರದೋ ಎಂದು 1879ರಲ್ಲಿ ಒಬ್ಬರು ಕೇಳಿ ಬರೆದಾಗ ನ್ಯೂಮನ್ನರು, ಐವತ್ತು ವರ್ಷಗಳ ಹಿಂದೆ ತಾನು ಏನನ್ನು ಉದ್ದೇಶಿಸಿದ್ದೆನೆಂದು ನೆನಪಿಟ್ಟುಕೊಳ್ಳುವ ಹೊಣೆ ಕವಿಗಿಲ್ಲ ಎಂಬ ಅರ್ಥದ ಉತ್ತರ ಕಳಿಸಿದರು. ಆದರೆ ಬೇರೊಬ್ಬ ಗುರುಗಳು ತಮ್ಮ ಕೀರ್ತನಸಂಗ್ರಹದಲ್ಲಿ ಈ ಗೀತೆಗೆ ತಾವೇ ಇನ್ನೊಂದು ಚರಣ ಬರೆದು ಸೇರಿಸಿದಾಗ ಅವರು ಸುಮ್ಮನಿರಲಿಲ್ಲ, ಆಕ್ಷೇಪಿಸಿ ಬರೆದರು. ತನ್ನದಲ್ಲದ್ದು ತನ್ನ ಹೆಸರಿನಲ್ಲಿ ಹೋಗಬಾರದೆಂಬುದು ಅವರ ನಿಲುವು. ಕನ್ನಡದ ಗೀತೆಯನ್ನು ಬರಿಯ ‘ನ್ಯೂಮನ್ನರ ಗೀತೆ’ ಎಂದರೆ ಅದೇ ಆಕ್ಷೇಪ ನಮಗೂ ತಗಲುತ್ತದೆ.

ಇನ್ನು ಲಯ. ನ್ಯೂಮನ್ನರ ಸಾಲುಗಳು ಒಂದು ಉದ್ದ, ಒಂದು ತುಂಡು: ಹತ್ತು ಅಕ್ಷರ, ಬಳಿಕ ನಾಲ್ಕೇ ಅಕ್ಷರ. ತುಂಡು ಸಾಲಿನಲ್ಲಿ ಉಸಿರು ನಿಲ್ಲುತ್ತದೆ, ಕತ್ತಲಲ್ಲಿ ಕಾಲು ತಡೆದಂತೆ. ಶ್ರೀಕಂಠಯ್ಯನವರು ಇದನ್ನು ಅಕ್ಷರ ಎಣಿಸಿ ಅನುಕರಿಸಲು ಹೋಗದೆ ಐದು ಮಾತ್ರೆಯ ಗಣವನ್ನು ಹಿಡಿದರು. ಲಕ್ಷ್ಮೀಶನ ಜೈಮಿನಿ ಭಾರತವನ್ನು ಕೇಳಿದವರಿಗೆ ಈ ನಡೆ ಗೊತ್ತು. ವಾರ್ಧಕ ಷಟ್ಪದಿಯ ಹೆಜ್ಜೆ ಅದು. ಆಕ್ಸ್‌ಫರ್ಡಿನ ಗುರುವಿನ ಪ್ರಾರ್ಥನೆ ಲಕ್ಷ್ಮೀಶನ ಕಾಲಿನಲ್ಲಿ ನಡೆಯುತ್ತಿದೆ! ಇನ್ನೂ ಒಂದು ಸ್ವಾರಸ್ಯ. ಪ್ರಾಸವನ್ನು ಬಿಟ್ಟ ಹೊಸ ಕಾವ್ಯದ ಆಚಾರ್ಯರೆಂದು ನಾವು ಪರೀಕ್ಷೆಗಳಲ್ಲಿ ಬರೆಯುವ ಈ ಕವಿ ಇಲ್ಲಿ ಎರಡನೆಯ ಅಕ್ಷರದ ಪ್ರಾಸವನ್ನು ಬಿಟ್ಟೇ ಇಲ್ಲ. ಸಾಲುಗಳ ಆರಂಭವನ್ನು ಎರಡೆರಡಾಗಿ ನೋಡಿ: ರಕಾರಕ್ಕೆ ರಕಾರ, ಳಕಾರಕ್ಕೆ ಳಕಾರ, ನ್ನ ಎಂಬುದಕ್ಕೆ ನ್ನ, ಷ್ಟ ಎಂಬುದಕ್ಕೆ ಷ್ಟ ಕೂಡಿಬರುತ್ತದೆ. ಹಳೆಯ ನಿಯಮವನ್ನು ಅವರು ಸಂಕೋಲೆಯಾಗಿ ಕಳಚಿದರು, ಒಡವೆಯಾಗಿ ಉಳಿಸಿಕೊಂಡರು. ಹಾಡುಗಾರರಿಗೆ ಈ ಗೀತೆ ಅಷ್ಟು ಸುಲಭವಾಗಿ ಒಗ್ಗಿದ್ದರ ಗುಟ್ಟು ಇಲ್ಲಿದೆ. ಇಂಗ್ಲಿಷಿನಲ್ಲಿ ಡೈಕ್ಸ್ ಎಂಬುವರು ಕೂರಿಸಿದ ರಾಗ ಪ್ರಸಿದ್ಧವಾಗಿದೆ. ಕನ್ನಡದ ಸುಗಮ ಸಂಗೀತಗಾರರಿಗೆ ಅದರ ಹಂಗು ಬೇಕಾಗಲಿಲ್ಲ.

ಪುಸ್ತಕದ ಕಾಣಿಕೆಯ ಪದ್ಯದಲ್ಲಿ ಅವರು ಇಂಗ್ಲಿಷನ್ನೂ ಕನ್ನಡವನ್ನೂ ಇಬ್ಬರು ಹೆಣ್ಣುಗಳೆಂದು ಕಲ್ಪಿಸಿ, ಒಬ್ಬಳ ಒಡವೆಯನ್ನು ಇನ್ನೊಬ್ಬಳಿಗೆ ತೊಡಿಸಿ ನೋಡುವ ಆಸೆಯನ್ನು ಹೇಳಿಕೊಂಡಿದ್ದಾರೆ. ಚೆಂದದ ಕಲ್ಪನೆ. ಆದರೆ ಅವರು ಮಾಡಿದ್ದು ಒಡವೆ ಬದಲಿಸುವುದಕ್ಕಿಂತ ದೊಡ್ಡದು ಎ೦ದು ಈ ಒಂದು ಗೀತೆಯೇ ತೋರಿಸುತ್ತದೆ. ಕವಿಗಳು ತಮ್ಮ ಕೆಲಸದ ಬಗ್ಗೆ ಹೇಳುವ ಮಾತನ್ನು ಯಾವಾಗಲೂ ನಂಬಬೇಕಾಗಿಲ್ಲ.

ಹೀಗೆ ಬರೆಯಬಲ್ಲವರು ತಮ್ಮದೇ ಎಷ್ಟು ಬರೆದರು? ಇದು ಅವರ ವೃತ್ತಿಜೀವನದ ನೋವಿನ ಭಾಗ. 1943ರ ‘ಹೊಂಗನಸುಗಳು’ ಸಂಕಲನವನ್ನು ಪ್ರೀತಿಯಿಂದ ಓದಿದವರೂ ಅದನ್ನು ‘ಇಂಗ್ಲಿಷ್ ಗೀತಗಳು’ ಪಕ್ಕಕ್ಕೆ ಇಡಲಾರರು. ನಾಡಿನ, ಅರಸರ, ಸಂದರ್ಭಗಳ ಪದ್ಯಗಳಲ್ಲಿ ‘ರಾಜಸೇವಾಸಕ್ತ’ ಎಂಬ ಬಿರುದಿನ ಭಾರ ಕಾಣುತ್ತದೆ. ಸ್ವಂತ ದುಃಖಕ್ಕೆ, ಸ್ವಂತ ಸಂಶಯಕ್ಕೆ ಅವರಿಗೆ ಇನ್ನೊಬ್ಬ ಕವಿಯ ನೆಪ ಬೇಕಾಗಿತ್ತೇನೋ ಎನ್ನಿಸುತ್ತದೆ. ನಾಟಕಗಳಲ್ಲಿಯೂ ಹಾಗೆಯೇ. ‘ಗದಾಯುದ್ಧ ನಾಟಕಂ’ ರನ್ನನಿಂದ ಬಂತು, ‘ಪಾರಸಿಕರು’ ಈಸ್ಕಿಲಸನಿಂದ. ಸಾಫೊಕ್ಲೀಸನ ಏಜಾಕ್ಸ್ ನಾಟಕವನ್ನು ಮಹಾಭಾರತದ ಅಶ್ವತ್ಥಾಮನ ಮೇಲೆ ಕೂರಿಸಿದ ‘ಅಶ್ವತ್ಥಾಮನ್’ ಈ ಮೂರರಲ್ಲಿ ಅತ್ಯಂತ ಧೈರ್ಯದ್ದು. ಪುರಾಣದಲ್ಲಿ ಅಶ್ವತ್ಥಾಮ ಚಿರಂಜೀವಿ. ಇಲ್ಲಿ ಅವನು ಅವಮಾನವನ್ನು ತಾಳಲಾರದೆ ತನ್ನ ಕೈಯಿಂದಲೇ ಸಾಯುತ್ತಾನೆ. ಸಂಪ್ರದಾಯಸ್ಥರಿಗೆ ಇದು ಸಹಿಸಲಾಗಲಿಲ್ಲ, ಆಶ್ಚರ್ಯವೂ ಇಲ್ಲ. ಕೈಹಿಡಿದು ನಡೆಸುವ ಬೆಳಕನ್ನು ಕನ್ನಡಕ್ಕೆ ತಂದವರೇ, ಯಾವ ಕೈಯೂ ಚಾಚಿ ಬಾರದ ಈ ಕತ್ತಲೆಯನ್ನೂ ತಂದರು. ನಮ್ಮ ವಿಶ್ವಾಸಕ್ಕೆ ಮೊದಲನೆಯದು ಒಗ್ಗುತ್ತದೆ. ಆದರೆ ಎರಡನೆಯದನ್ನು ಓದದವನಿಗೆ ಮೊದಲನೆಯದರ ಬೆಲೆ ಪೂರ್ತಿ ತಿಳಿಯದೆಂದು ನನಗನ್ನಿಸುತ್ತದೆ. ಕನ್ನಡದ ಮಾತು ಸಮಾಧಾನವಿಲ್ಲದ ದುಃಖವನ್ನೂ ಹೊರಬಲ್ಲುದೇ ಎಂಬುದು ಅವರು ಮಾಡಿ ನೋಡಿದ ಪರೀಕ್ಷೆ.

ಉಳಿದ ಸಮಯವನ್ನು ಅವರು ಬೇರೆಯವರಿಗೆ ಕೊಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ 1938ರಿಂದ ನಾಲ್ಕು ವರ್ಷ ಊರೂರು ತಿರುಗಿದರು. ‘ಕನ್ನಡ ನುಡಿ’ ಪತ್ರಿಕೆ, ಕನ್ನಡ ಪರೀಕ್ಷೆಗಳು ಆ ಕಾಲದ ಫಲ. 1928ರಲ್ಲಿ ಕಲಬುರಗಿಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ತೆರೆದಾಗ ಇಂಗ್ಲಿಷ್ ಪ್ರಾಧ್ಯಾಪಕರಾದ ಅವರು ಕನ್ನಡ ಪಾಠಕ್ಕೂ ನಿಂತರು. ಕುವೆಂಪು, ತೀ.ನಂ.ಶ್ರೀಕಂಠಯ್ಯ, ಎಸ್.ವಿ.ರಂಗಣ್ಣ, ಎ.ಎನ್.ಮೂರ್ತಿರಾವ್ ಅವರ ನೆರಳಿನಲ್ಲಿ ಬೆಳೆದವರು. ಇವರಲ್ಲಿ ಕೊನೆಯ ಇಬ್ಬರು ತಾವೂ ಇಂಗ್ಲಿಷ್ ಮೇಷ್ಟರಾದರು. ಅವರ ಸಂಪಾದಕತ್ವದ ಕನ್ನಡ ಸಾಹಿತ್ಯ ಚರಿತ್ರೆ ಅಚ್ಚಾಗಿ ಬಂದಾಗ ಅವರಿರಲಿಲ್ಲ. ಶಿಷ್ಯರನ್ನು ಬೆಳೆಸಿದ್ದಕ್ಕಾಗಿ ‘ಕಣ್ವ’ ಎಂದು ಕರೆಯುತ್ತೇವೆ. ಕಣ್ವನು ಶಕುಂತಲೆಯ ಸಾಕುತಂದೆ, ಹಡೆದ ತಂದೆಯಲ್ಲ. ಬಿರುದು ಕೊಟ್ಟವರು ಇದನ್ನು ಯೋಚಿಸಿದ್ದರೋ ಇಲ್ಲವೋ, ಅನುವಾದಕನಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಇಷ್ಟನ್ನೆಲ್ಲ ಈಗ ಹೇಳುವುದಕ್ಕೆ ಕಾರಣವಿದೆ. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ನುಡಿಗೆ ಬಾಗಿಲು ತೆರೆಯಿತು. ಅಂದಿನಿಂದ ನಾವು ದೇವರೊಡನೆ ಆಡುವ ಮಾತುಗಳಲ್ಲಿ ಬಹುಪಾಲು ಅನುವಾದಿತ ಮಾತುಗಳೇ. ಅವುಗಳನ್ನು ತಂದವರು ಲತೀನನ್ನೂ ಇಂಗ್ಲಿಷನ್ನೂ ಬಲ್ಲ ಪ್ರಾಮಾಣಿಕರು, ಅರ್ಥದಲ್ಲಿ ತಪ್ಪಿಲ್ಲ. ಆದರೆ ಎಷ್ಟು ಪ್ರಾರ್ಥನೆಗಳು ಪೆಂಡಾಲಿನಲ್ಲಿ ನಿಂತ, ನಮ್ಮವರಲ್ಲದವರ ಬಾಯಿಗೂ ಬರುವಷ್ಟು ಕನ್ನಡವಾಗಿವೆ? ನಮ್ಮ ಬಡಾವಣೆಯ ಮಕ್ಕಳು ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಅವರಿಗೆ ಕನ್ನಡದ ಪೂಜೆ ಏಕೆ ಎಂದು ತಂದೆತಾಯಂದಿರೇ ಕೇಳುತ್ತಾರೆ. ಇಂಗ್ಲಿಷ್ ಬಲ್ಲವನು ಕನ್ನಡವನ್ನು ಬಿಡಬೇಕಾಗಿಲ್ಲ ಎಂದು ನಾನು ಹೇಳಿದರೆ ಅದು ನಿವೃತ್ತ ಮೇಷ್ಟರ ಉಪದೇಶವಾಗುತ್ತದೆ. ಆದ್ದರಿಂದ ಗಾನವೃಂದದ ಯುವಕನಿಗೆ ಎರಡೂ ಪಾಠಗಳನ್ನು ಒಂದೇ ಹಾಳೆಯಲ್ಲಿ ಬರೆದು ಕೊಟ್ಟೆ, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಅವನು ಇಂಗ್ಲಿಷ್ ಶಾಲೆಯಲ್ಲಿ ಓದಿದವನು, ಕನ್ನಡವನ್ನು ಬೆರಳಿಟ್ಟು ಓದುತ್ತಾನೆ. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ‘ಸರ್, ಕೊನೆಯ ಚರಣ ನಾವು ಹಾಡುವುದೇ ಇಲ್ಲವಲ್ಲ, ಸಮಯ ಸಾಲದೆಂದು ಬಿಡುತ್ತೇವೆ’ ಎಂದ. ಪ್ರಶ್ನೆಗಳಿರುವುದು ಆ ಚರಣದಲ್ಲಿಯೇ ಎಂದೆ. ಮುಂದಿನ ಭಾನುವಾರ ಮೂರೂ ಚರಣಗಳನ್ನು ಹಾಡಿದರು. ಪೂಜೆ ಎರಡು ನಿಮಿಷ ತಡವಾಗಿ ಮುಗಿಯಿತು.